ಉತ್ತರ ಕನ್ನಡ ಕರಾವಳಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಸ್ನೇಹಿತರಿಂದಲೂ ಹೊರದೇಶದಲ್ಲಿರುವ ನೆಂಟರಿಂದಲೂ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಹೆಚ್ಚಿನವರು ಕೇಳುವುದು ಗೋಕರ್ಣ, ಮುರುಡೇಶ್ವರ ಎರಡನ್ನೇ. ಆ ಎರಡರ ನಡುವೆ ಇರುವುದನ್ನೂ ಘಟ್ಟದ ಮೇಲಿರುವುದನ್ನೂ ನೋಡಿಕೊಂಡು ಹೋಗಲಿ ಎಂಬ ಆಸೆಯಿಂದ ಕೆಲವು ಉತ್ತರ ಉದ್ದವಾಗಿವೆ.

ಉತ್ತರ ಕನ್ನಡ ಜಿಲ್ಲೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ದಕ್ಷಿಣದಲ್ಲಿ ಭಟ್ಕಳ, ಉತ್ತರದಲ್ಲಿ ಗೋವಾ ಗಡಿಗೆ ಅಂಟಿಕೊಂಡ ಕಾರವಾರ. ನಡುವೆ ಹೊನ್ನಾವರ, ಕುಮಟಾ, ಅಂಕೋಲಾ. ಈ ಐದು ಕರಾವಳಿ ತಾಲೂಕುಗಳು. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ. ಜಿಲ್ಲಾ ಕೇಂದ್ರ ಕಾರವಾರ. ಬ್ರಿಟಿಷರ ಕಾಲದಲ್ಲಿ ಈ ಭಾಗ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕಾರವಾರ, ಹಳಿಯಾಳದ ಹಳೆಯ ಮನೆಗಳಲ್ಲಿ ಮರಾಠಿ ಇನ್ನೂ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಶನಿವಾರ, ಭಾನುವಾರ ಎರಡೇ ದಿನ ಇದೆ. ಎಲ್ಲ ನೋಡಬಹುದಾ?

ಇಲ್ಲ. ದಯವಿಟ್ಟು ಪ್ರಯತ್ನವನ್ನೂ ಮಾಡಬೇಡಿ. ಜಿಲ್ಲೆಯ ಕರಾವಳಿಯೇ ಸುಮಾರು 140 ಕಿ.ಮೀ. ಉದ್ದ ಇದೆ. ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಯಾಣ, ಸಂಜೆ ಮುರುಡೇಶ್ವರ, ಮರುದಿನ ಜೋಗ ಎಂದು ಓಡಿದವರು ನೋಡಿದ್ದರಲ್ಲಿ ಹೆಚ್ಚಿನ ಪಾಲು ರಾಷ್ಟ್ರೀಯ ಹೆದ್ದಾರಿ 66ರ ಟಾರು.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಊರುಗಳ ಪಟ್ಟಿ ಮಾಡಬೇಡಿ, ಒಂದು ಹೊಳೆ ಆರಿಸಿಕೊಳ್ಳಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕು ಹೊಳೆಗಳು ಘಟ್ಟದಿಂದ ಇಳಿದು ಇಲ್ಲಿ ಸಮುದ್ರ ಸೇರುತ್ತವೆ. ಈ ಜಿಲ್ಲೆಯ ಇತಿಹಾಸವೆಲ್ಲ ನಡೆದದ್ದು ಇವುಗಳ ದಂಡೆಯಲ್ಲೇ. ಘಟ್ಟದ ಕಾಳುಮೆಣಸು, ಅಡಿಕೆ, ಅಕ್ಕಿ ಕೆಳಗಿಳಿದು ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ, ಬಂದರಿಗೆ ಬರುತ್ತಿತ್ತು. ಅಲ್ಲಿಂದ ದೋಣಿ ಏರಿ ಹೊರಡುತ್ತಿತ್ತು. ಅದನ್ನು ಕಾಯಲು ಕೋಟೆ ಬಂತು, ವ್ಯಾಪಾರಿಗಳು ಬಂದರು, ಅವರ ಹಣದಿಂದ ಬಸದಿ, ದೇವಸ್ಥಾನ, ಮಸೀದಿಗಳು ಎದ್ದವು. ಹೊಳೆ ಹಿಡಿದು ಹೋದರೆ ಇವೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೆದ್ದಾರಿ ಹಿಡಿದು ಹೋದರೆ ಎಲ್ಲವೂ ಬಿಡಿ ಬಿಡಿ ಫೋಟೋಗಳಾಗಿ ಉಳಿಯುತ್ತವೆ.

ಮೊದಲ ಸಲ ಬರುವವರಿಗೆ ಯಾವ ಹೊಳೆ?

ಅಘನಾಶಿನಿ. ಕಣ್ಣು ಮುಚ್ಚಿ ಹೇಳುತ್ತೇನೆ.

ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಆ ಸದ್ದಿಗೆ ಬೇರೇನೂ ಕೇಳಿಸದು, ಅದಕ್ಕೇ ಹಳಬರು ಅದನ್ನು ಕೆಪ್ಪಜೋಗ ಎನ್ನುತ್ತಾರೆ. ಘಟ್ಟ ಇಳಿದ ಮೇಲೆ ಹೊಳೆ ಸಮಾಧಾನವಾಗಿ ಹರಿದು ಮಿರ್ಜಾನಿನ ಕೋಟೆಯ ಹತ್ತಿರ ಹಾದು, ಅಗಲವಾಗಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರಕ್ಕೆ ಬಾಯಿ ತೆರೆಯುತ್ತದೆ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಇಳಿತದ ಹೊತ್ತು ನೋಡಿಕೊಂಡು ಅಳಿವೆಗೆ ಬನ್ನಿ. ನೀರು ಹಿಂದೆ ಸರಿದ ಕೂಡಲೇ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೆಲವರು ಸೊಂಟದವರೆಗೆ ನೀರಿನಲ್ಲಿ ನಿಂತು ಕೆಸರಿನೊಳಗೆ ಪಾದ ಆಡಿಸುತ್ತಾರೆ. ಕಾಲಿಗೆ ಚಿಪ್ಪು ತಾಗಿದರೆ ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಅದು ಬಳಚು, ಅಂದರೆ ಚಿಪ್ಪಿಮೀನು. ಬುಟ್ಟಿಯನ್ನು ನೀರಿನಲ್ಲೇ ಅಲ್ಲಾಡಿಸಿ ಕೆಸರು ತೊಳೆಯುವಾಗ ಚಿಪ್ಪುಗಳು ಕರಕರ ಎನ್ನುತ್ತವೆ. ಸಾವಿರಾರು ಮನೆಗಳ ಒಲೆ ಉರಿಯುವುದು ಇದರಿಂದ. ಈಚೆಗೆ ಬಳಚು ಕಡಿಮೆಯಾಗುತ್ತಿದೆ ಎಂದು ಅಲ್ಲಿಯವರೇ ಹೇಳುತ್ತಾರೆ. ಅವರು ಕೆಲಸದಲ್ಲಿ ಇದ್ದಾರೆಂಬುದು ನೆನಪಿರಲಿ. ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಅಳಿವೆಯ ಅಂಚಿನ ಗಜನಿ ಗದ್ದೆಗಳನ್ನೂ ನೋಡಬೇಕು. ಉಪ್ಪುನೀರು ಹೊಕ್ಕುವ ಈ ನೆಲದಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುವವರಿದ್ದಾರೆ. ಕಗ್ಗದ ಅಕ್ಕಿ ಕೆಂಪು, ಗಂಜಿ ಮಾಡಿದರೆ ಅದರ ರುಚಿಯೇ ಬೇರೆ. ಸಮುದ್ರ ಮಟ್ಟ ಏರುತ್ತಿದೆ ಎಂದು ಲೋಕವೆಲ್ಲ ಚಿಂತೆ ಮಾಡುವ ಈ ಕಾಲದಲ್ಲಿ ಇಂಥ ಬೀಜ ಕೈಬಿಟ್ಟು ಹೋಗಬಾರದು.

ಗೋಕರ್ಣದ ಕಡೆಯಿಂದ ತದಡಿಗೆ ಬಂದರೆ ಅಘನಾಶಿನಿ ಊರಿಗೆ ದೋಣಿ ಇದೆ. ಬೈಕನ್ನೂ ಹತ್ತಿಸಬಹುದು. ಆಚೆ ದಡದಲ್ಲಿ ಇಳಿದು ಕಾಗಾಲ, ಬಾಡ ಮೂಲಕ ಕುಮಟಾ ಸೇರಬಹುದು. ದೋಣಿಯಲ್ಲಿ ಕಳೆಯುವ ಆ ಸ್ವಲ್ಪ ಹೊತ್ತಿನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಸಾಲು ಎರಡೂ ಕಾಣುತ್ತವೆ. ಇಡೀ ಜಿಲ್ಲೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಕಾಳುಮೆಣಸಿನ ರಾಣಿ ಅಂತ ಕೇಳಿದ್ದೇವೆ. ಅದು ನಿಜವಾದ ಕಥೆಯೇ? ಎಲ್ಲಿ ನೋಡಬೇಕು?

ನಿಜ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಜೈನ ಮನೆತನ, ಸಾಳುವ ವಂಶ. ಮಲಬಾರಿನ ಉತ್ತರಕ್ಕೆ ಕಾಳುಮೆಣಸಿನ ವ್ಯಾಪಾರದ ಹಿಡಿತ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳೊಂದಿಗೆ ಯುದ್ಧವನ್ನೂ ಮಾಡಿದರು, ವ್ಯಾಪಾರವನ್ನೂ ಮಾಡಿದರು. ಕಾಳುಮೆಣಸಿನ ರಾಣಿ ಎಂದು ಕರೆದವರು ಅವರೇ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆ ಹಿಡಿದ. ಅವಳು ಸತ್ತದ್ದು ಸೆರೆಯಲ್ಲೇ. ಭಾರತದಲ್ಲಿ ಇಷ್ಟು ದೀರ್ಘಕಾಲ ರಾಜ್ಯವಾಳಿದ ಇನ್ನೊಬ್ಬ ರಾಣಿಯನ್ನು ಹುಡುಕುವುದು ಕಷ್ಟ. ಆದರೂ ನಮ್ಮ ಶಾಲೆಯ ಪುಸ್ತಕದಲ್ಲಿ ಅವಳಿಗೆ ಸಿಕ್ಕ ಜಾಗ ತೀರಾ ಕಡಿಮೆ. ಇದು ನನಗೆ ಯಾವತ್ತೂ ಇರುವ ಬೇಸರ.

ನೋಡಲು ಎರಡು ಜಾಗ. ಒಂದು ಮಿರ್ಜಾನ ಕೋಟೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಕಟ್ಟಿಸಿದ ಕೀರ್ತಿಯನ್ನು ಜನ ಅವಳಿಗೇ ಕೊಡುತ್ತಾರೆ. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ದುಂಡನೆಯ ಕೊತ್ತಲಗಳು, ಒಳಗೆ ಬಾವಿಗಳು. ಮಳೆ ನಿಂತ ಹೊಸತರಲ್ಲಿ, ಅಂದರೆ ಸೆಪ್ಟೆಂಬರ್, ಅಕ್ಟೋಬರದಲ್ಲಿ ಬಂದರೆ ಕೆಂಪು ಕಲ್ಲಿನ ಮೇಲೆ ಪಾಚಿ, ಹುಲ್ಲು ಹಬ್ಬಿ ಇಡೀ ಕೋಟೆ ಹಸಿರು ಹೊದ್ದಿರುತ್ತದೆ. ಮೆಟ್ಟಿಲು ಜಾರುತ್ತದೆ, ಹುಷಾರು. ಬೇಸಗೆಯ ಮಧ್ಯಾಹ್ನ ಮಾತ್ರ ಬೇಡ, ನೆರಳಿಲ್ಲ. ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ.

ಇನ್ನೊಂದು ಗೇರುಸೊಪ್ಪೆಯ ಚತುರ್ಮುಖ ಬಸದಿ. ಇಲ್ಲಿಗೆ ಬರುವವರು ಕಡಿಮೆ. ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಜೋಗದ ರಸ್ತೆಯಲ್ಲಿ ಗೇರುಸೊಪ್ಪೆಗೆ ಬಂದು, ಹೊಳೆ ದಾಟಿ ನಗರಬಸ್ತಿಕೇರಿಗೆ ಹೋಗಬೇಕು. ಕಾಡಿನ ನಡುವೆ ಕರಿಕಲ್ಲಿನ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಗರ್ಭಗುಡಿಯಲ್ಲಿ ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ತೀರ್ಥಂಕರರು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಒಂದು ಮೂರ್ತಿ. ಒಂದು ಕಾಲದಲ್ಲಿ ಇಲ್ಲಿ ಪಟ್ಟಣ ಇತ್ತು, ಪೇಟೆ ಇತ್ತು, ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಬಿಸಿಲು ಇರುವಾಗಲೇ ಹೋಗಿ ಬನ್ನಿ. ತಿಂಡಿ, ನೀರು ಜೊತೆಗಿರಲಿ.

ಭಟ್ಕಳದಲ್ಲಿ ನೋಡುವಂಥದ್ದು ಏನಿದೆ?

ಎಲ್ಲರೂ ಮುರುಡೇಶ್ವರಕ್ಕೆ ಬಂದು ಹಾಗೇ ಹಿಂದಿರುಗುತ್ತಾರೆ, ಪಕ್ಕದ ಭಟ್ಕಳಕ್ಕೆ ಬರುವುದಿಲ್ಲ. ದೊಡ್ಡ ನಷ್ಟ. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಆ ವ್ಯಾಪಾರದ ಜೊತೆ ನೆಲೆಯಾದ ನವಾಯತರು ಇಂದಿಗೂ ಇಲ್ಲಿದ್ದಾರೆ. ಅವರ ಮಾತು ನವಾಯತಿ, ಕೊಂಕಣಿಗೆ ಹತ್ತಿರದ ನುಡಿ.

ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಅದರ ಮಾಡನ್ನು, ಅಂದರೆ ಛಾವಣಿಯನ್ನು, ನಿಂತು ನೋಡಿ. ಇಳಿಜಾರು ಮಾಡು, ಹಾಸುವುದು ಹೆಂಚನ್ನಲ್ಲ, ಕಲ್ಲಿನ ಚಪ್ಪಡಿಯನ್ನು. ಕಿಟಕಿಯ ಮರದ ಪಟ್ಟಿಗಳ ಜಾಗದಲ್ಲೂ ಕಲ್ಲಿನ ಪಟ್ಟಿ. ಮರದಲ್ಲಿ ಕಟ್ಟಿ ಗೊತ್ತಿದ್ದ ಜನ ಈ ಕಡೆಯ ಮಳೆಗೆ ತಕ್ಕ ಹಾಗೆ ಅದನ್ನೇ ಕಲ್ಲಿನಲ್ಲಿ ಕಟ್ಟಿದ್ದಾರೆ. ಗೋಡೆಯ ಮೇಲೆ ರಾಮಾಯಣದ ಸಾಲುಚಿತ್ರಗಳಿವೆ. ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯೂ ಇದೇ ರೀತಿಯ ಕಲ್ಲಿನ ಮಾಡಿನದು. ಸಮಯವಿದ್ದರೆ ಹಾಡುವಳ್ಳಿಗೂ ಹೋಗಿ. ಅದೂ ಹಳೆಯ ಜೈನ ನೆಲೆ.

ಯಾವ ತಿಂಗಳು ಬರುವುದು ಒಳ್ಳೆಯದು?

ಅಕ್ಟೋಬರದಿಂದ ಫೆಬ್ರುವರಿ ಎಲ್ಲರಿಗೂ ಹಿತ. ಆದರೆ ದಸರಾ ರಜೆ, ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ ಮತ್ತು ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಿವರಾತ್ರಿಯ ರಥೋತ್ಸವ ನೋಡಬೇಕೆಂದೇ ಬರುವುದಾದರೆ ಕೋಣೆ ಬಹಳ ಮೊದಲೇ ಹಿಡಿದಿಡಿ.

ಹೋಳಿಯ ಹೊತ್ತಿಗೆ ಬಂದರೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಗುಮಟೆ ವಾದ್ಯದ ಬಡಿತಕ್ಕೆ ಮನೆ ಮನೆಯ ಅಂಗಳದಲ್ಲಿ ಕುಣಿಯುತ್ತಾರೆ. ಅಂಕೋಲಾ, ಕುಮಟಾದ ಹಳ್ಳಿಗಳಲ್ಲಿ ವಿಚಾರಿಸಿದರೆ ಯಾವ ಊರಿನ ಸುಗ್ಗಿ ಎಲ್ಲಿಗೆ ಬಂದಿದೆ ಎಂದು ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ಜೋರು, ಮೈಯೆಲ್ಲ ಅಂಟು ಅಂಟು. ಆದರೆ ಮಾವು, ಹಲಸು, ಗೇರುಹಣ್ಣು, ಮುರುಗಲು (ಕೋಕಂ) ಸಿಗುವುದು ಆಗಲೇ.

ಮಳೆಗಾಲದಲ್ಲಿ ಬರಬಹುದಾ?

ಮಳೆಗಾಲದಲ್ಲಿ ಈ ನೆಲ ಇರುವ ಚೆಂದ ಬೇರೆ ಯಾವ ಕಾಲದಲ್ಲೂ ಇಲ್ಲ, ಒಪ್ಪುತ್ತೇನೆ. ಆದರೂ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮೊದಲ ಸಲ ಬರುವವರಿಗೆ ಬೇಡ ಎಂದೇ ಹೇಳುತ್ತೇನೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ಮೂರು ತಿಂಗಳಲ್ಲೇ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ರಸ್ತೆ ಬದಿಯಲ್ಲಿದ್ದ ಚಹಾದಂಗಡಿ, ನಿಂತಿದ್ದ ವಾಹನಗಳ ಸಮೇತ ಮಣ್ಣು ಗಂಗಾವಳಿಗೆ ಹೋಯಿತು. ಹಲವರು ಜೀವ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರ, ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಹೆದರಿಸಲು ಹೇಳುತ್ತಿಲ್ಲ. ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕ ಮಳೆಯಲ್ಲಿ ಕಾರು ನಿಲ್ಲಿಸಿ ಚಹಾ ಕುಡಿಯುವುದು, ಫೋಟೋ ತೆಗೆಯುವುದು ಮಾಡಬೇಡಿ ಎಂದಷ್ಟೇ ಹೇಳುವುದು. ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟು ಶಾಲೆಗೆ ರಜೆ ಘೋಷಿಸಿದೆ ಎಂದರೆ ನೀವೂ ಪ್ರಯಾಣ ಮುಂದೂಡಿ. ಅರಬೈಲ್, ದೇವಿಮನೆ, ಅಣಶಿ ಘಟ್ಟಗಳು ತೆರೆದಿವೆಯೇ ಎಂದು ಹೊರಡುವ ದಿನವೇ ವಿಚಾರಿಸಿಕೊಳ್ಳಿ.

ಸೆಪ್ಟೆಂಬರ್ ಕೊನೆಗೆ ಬನ್ನಿ. ಮಳೆ ಬಿಡುವು ಕೊಟ್ಟಿರುತ್ತದೆ, ಹೊಳೆ, ಜಲಪಾತಗಳಲ್ಲಿ ನೀರು ತುಂಬಿರುತ್ತದೆ.

ಸಮುದ್ರದಲ್ಲಿ ಈಜಬಹುದಾ? ನಮಗೆಲ್ಲ ಈಜು ಬರುತ್ತದೆ.

ಕೆರೆ, ಈಜುಕೊಳದ ಈಜು ಬೇರೆ, ಸಮುದ್ರದ ಸೆಳೆತ ಬೇರೆ. ಪ್ರತಿ ವರ್ಷ ಇಲ್ಲಿ ಮುಳುಗುವವರಲ್ಲಿ ಹೆಚ್ಚಿನವರು ಘಟ್ಟದ ಮೇಲಿನಿಂದ ಬಂದ ಹುಡುಗರು. 2024ರ ಡಿಸೆಂಬರದಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಕೇಳಿದ ದಿನ ಇಲ್ಲಿ ಎಷ್ಟೋ ಮನೆಗಳಲ್ಲಿ ಊಟ ಗಂಟಲಲ್ಲಿ ಇಳಿಯಲಿಲ್ಲ.

ಲೈಫ್‌ಗಾರ್ಡ್ ಇರುವಲ್ಲಿ ಮಾತ್ರ ಇಳಿಯಿರಿ, ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಹೊಳೆ ಸಮುದ್ರ ಸೇರುವ ಬಾಯಿಯ ಹತ್ತಿರ ಯಾವ ಕಾಲದಲ್ಲೂ ಬೇಡ. ಬಂಡೆಯ ಮೇಲೆ ನಿಂತು ಸೆಲ್ಫಿ ಬೇಡ, ಅಲೆ ಹೇಳಿ ಕೇಳಿ ಬರುವುದಿಲ್ಲ. ಕುಡಿದು ನೀರಿಗಿಳಿಯುವ ಮಾತೇ ಬೇಡ. ಊರಿನ ಮೀನುಗಾರರು ‘ಇಳೀಬೇಡಿ’ ಎಂದರೆ ವಾದ ಮಾಡಬೇಡಿ. ಆ ನೀರು ಅವರಿಗೆ ಗೊತ್ತು, ಸತ್ತವರನ್ನು ಹುಡುಕಿ ತರುವವರೂ ಅವರೇ.

ಮಕ್ಕಳ ಜೊತೆ ನೀರಾಡಲು ಹೊನ್ನಾವರದ ಹತ್ತಿರದ ಕಾಸರಕೋಡ ಬೀಚು ಅನುಕೂಲ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದೆ, ಸ್ನಾನ, ಶೌಚದ ವ್ಯವಸ್ಥೆ ಚೆನ್ನಾಗಿದೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಅಲ್ಲೇ ಮುಂದಿನ ಟೊಂಕದ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಖಾಸಗಿ ಬಂದರು ಬೇಡವೆಂದು ಅಲ್ಲಿನ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ನೋವು ನನಗೆ ನ್ಯಾಯವಾದದ್ದೆಂದೇ ಅನಿಸುತ್ತದೆ.

ಗೋಕರ್ಣದ ದೇವಸ್ಥಾನಕ್ಕೆ ಯಾವ ಬಟ್ಟೆ?

ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಹೋಗಬೇಕು. ಪ್ಯಾಂಟು, ಬರ್ಮುಡಾ ನಡೆಯುವುದಿಲ್ಲ. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಸಮುದ್ರಸ್ನಾನ ಮಾಡಿ, ಮೊದಲು ಮಹಾಗಣಪತಿಗೆ ಕೈಮುಗಿದು, ಆಮೇಲೆ ಮಹಾಬಲೇಶ್ವರನ ದರ್ಶನ ಮಾಡುವುದು ವಾಡಿಕೆ. ರಾವಣನಿಂದ ಆತ್ಮಲಿಂಗವನ್ನು ನೆಲಕ್ಕಿಡಿಸಿದವನು ಗಣಪತಿಯೇ ಅಲ್ಲವೇ, ಅವನಿಗೆ ಮೊದಲ ಮರ್ಯಾದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಬೇಗ ಹೋದರೆ ಸಾವಕಾಶ ದರ್ಶನ.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಊರಿನ ದಕ್ಷಿಣಕ್ಕೆ ಗುಡ್ಡದ ಆಚೆ. ಬೀಚಿನ ಉಡುಪಿನಲ್ಲೇ ರಥಬೀದಿಗೆ ಬರುವವರನ್ನು ನೋಡಿ ಊರವರಿಗೆ ಬೇಸರವಾಗುತ್ತದೆ. ಮೇಲೊಂದು ಟವೆಲ್ಲೋ ಅಂಗಿಯೋ ಇದ್ದರೆ ಸಾಕು.

ಮುರುಡೇಶ್ವರದಲ್ಲಿ ಗೋಪುರ ಹತ್ತಬೇಕಾ?

ಲಿಫ್ಟ್ ಇದೆ. 20 ಅಂತಸ್ತಿನ ರಾಜಗೋಪುರದ ಮೇಲಿನಿಂದ ಮೂರೂ ಕಡೆಯ ಸಮುದ್ರ, ಕಂದುಕಗಿರಿಯ ಮೇಲೆ ಕುಳಿತ 123 ಅಡಿಯ ಶಿವ, ದೋಣಿಗಳ ಸಾಲು ಎಲ್ಲ ಕಾಣುತ್ತದೆ. ರಜೆಯ ದಿನ ಸಾಲು ಉದ್ದ. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಮಾಡುವವರು ಇಲ್ಲಿಂದಲೇ ದೋಣಿ ಹತ್ತುತ್ತಾರೆ, ಮಳೆಗಾಲದಲ್ಲಿ ಅದು ಬಂದ್.

ಕಾರವಾರಕ್ಕೆ ಹೋಗುವುದು ಬೇಕಾ, ಅಥವಾ ನೇರ ಗೋವಾಕ್ಕೆ ಹೋಗಿಬಿಡೋಣವೇ?

ಒಂದು ರಾತ್ರಿಯಾದರೂ ಕಾರವಾರದಲ್ಲಿ ಉಳಿಯಿರಿ. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮಾಡಿದ್ದನ್ನು ಮುಂದೆ ನೆನೆದು ಬರೆದರು. ಅವರ ಒಂದು ನಾಟಕ ಹುಟ್ಟಿದ್ದೂ ಇಲ್ಲೇ. ಊರಿನ ಬೀಚಿಗೆ ಅವರದೇ ಹೆಸರು. ಅಲ್ಲೇ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಮಕ್ಕಳು ಹೊರಬರಲು ಒಪ್ಪುವುದಿಲ್ಲ. ಕಾಳಿಯ ಆಚೆ ದಡದಲ್ಲಿ ಸದಾಶಿವಗಡ, ಮುಂದೆ ದೇವಬಾಗ. ಕಾರವಾರದ ಒಳಗಿನ ಕಡವಾಡದಲ್ಲಿ 1638ರಲ್ಲೇ ಇಂಗ್ಲಿಷರ ವ್ಯಾಪಾರ ಕೋಠಿ ಇತ್ತು.

ಜನವರಿಯಲ್ಲಿ ಪುಷ್ಯ ಹುಣ್ಣಿಮೆಗೆ ಸಮುದ್ರದ ನಡುವಿನ ಕೂರ್ಮಗಡದಲ್ಲಿ ನರಸಿಂಹ ಜಾತ್ರೆ. ಮೀನುಗಾರರು ದೋಣಿಗಳನ್ನು ಸಿಂಗರಿಸಿ ಭಕ್ತರನ್ನು ಕರೆದೊಯ್ಯುತ್ತಾರೆ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ. ಹೆದ್ದಾರಿಯಿಂದ ಅದರ ಫೋಟೋ, ವಿಡಿಯೋ ತೆಗೆಯಬಾರದು, ಡ್ರೋನ್ ಅಂತೂ ಹಾರಿಸಲೇಬೇಡಿ. ಆ ನೆಲೆಗಾಗಿ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದ ಹಳ್ಳಿಗಳ ಜನ ಈಗ ಬೇರೆ ಊರುಗಳಲ್ಲಿ ಇದ್ದಾರೆ.

ಅಂಕೋಲಾದಲ್ಲಿ ಇಳಿದರೆ?

ಸ್ವಾತಂತ್ರ್ಯ ಹೋರಾಟದಲ್ಲಿ, ರೈತರ ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ಹಾಗೆ, ಕರ್ನಾಟಕದ ಬಾರ್ಡೋಲಿ ಎಂದು ಹೆಸರಾದ ಊರು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಜಮೀನು, ಮನೆ, ದನಕರು ಎಲ್ಲ ಕಳೆದುಕೊಂಡರು. ಉಪ್ಪು ಹೇಗೆ ಮಾಡುತ್ತಾರೆಂದು ನೋಡಬೇಕಾದರೆ ಗೋಕರ್ಣಕ್ಕೆ ಹತ್ತಿರದ ಸಾಣಿಕಟ್ಟಾಕ್ಕೆ ಬೇಸಗೆಯಲ್ಲಿ ಬನ್ನಿ. ಮಡಿಗಳಲ್ಲಿ ನಿಲ್ಲಿಸಿದ ಸಮುದ್ರದ ನೀರು ಬಿಸಿಲಿಗೆ ಹರಳುಗಟ್ಟುತ್ತದೆ, ಅದನ್ನು ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಬರಿಗಾಲಲ್ಲಿ ಆ ಬಿಸಿಲಿನಲ್ಲಿ ನಿಂತು ಮಾಡುವ ಕೆಲಸ ಅದು.

ಪದ್ಮಶ್ರೀ ಪಡೆದ ಇಬ್ಬರು ಹಾಲಕ್ಕಿ ಹೆಣ್ಣುಮಕ್ಕಳು ಈ ತಾಲೂಕಿನವರೇ. ಲಕ್ಷಾಂತರ ಸಸಿಗಳಿಗೆ ತಾಯಿಯಂತಿದ್ದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರದಲ್ಲಿ, ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ, ಊರಿನಲ್ಲಿ ಸಾರಾಯಿಯ ವಿರುದ್ಧ ಎದ್ದು ನಿಂತ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಬ್ಬರ ಹಿಂದೆ ಒಬ್ಬರು ಹೋದಾಗ ಜಿಲ್ಲೆಗೇ ತಬ್ಬಲಿಯಾದ ಹಾಗಾಯಿತು.

ಊಟಕ್ಕೆ ಏನು, ಎಲ್ಲಿ?

ಹೋಟೆಲಿನ ಹೆಸರು ಹೇಳುವುದಿಲ್ಲ. ದೊಡ್ಡ ಬೋರ್ಡು ನೋಡಬೇಡಿ, ಊರಿನ ರಿಕ್ಷಾದವರು ಎಲ್ಲಿ ಊಟಕ್ಕೆ ಕೂರುತ್ತಾರೋ ಅಲ್ಲಿಗೆ ಹೋಗಿ. ಕಾರವಾರ, ಅಂಕೋಲಾದಲ್ಲಿ ಮೀನೂಟ ಎಂದರೆ ಕುಚಲಕ್ಕಿ ಅಥವಾ ಬೆಳ್ತಿಗೆ ಅನ್ನ, ತೆಂಗಿನಕಾಯಿ ಅರೆದ ಸಾರು, ರವೆ ಹಚ್ಚಿ ಹುರಿದ ಬಂಗಡೆ ಅಥವಾ ನೊಗಲಿ, ಬಳಚಿನ ಸುಕ್ಕಾ, ಕೊನೆಗೆ ಮುರುಗಲಿನ ಸೋಲ್ ಕಡಿ. ಮಂಗಳೂರಿನವರು ಅಂಜಲ್ ಎನ್ನುವ ಮೀನು ಇಲ್ಲಿ ಇಸ್ವಾಣ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಭಟ್ಕಳಕ್ಕೆ ಹೋದರೆ ಬಿರಿಯಾನಿ, ಅದರಲ್ಲೂ ಅಕ್ಕಿಯ ಜಾಗದಲ್ಲಿ ಶಾವಿಗೆ ಹಾಕಿ ಮಾಡುವ ಬಿರಿಯಾನಿ ಸಿಕ್ಕರೆ ಬಿಡಬೇಡಿ.

ಸಸ್ಯಾಹಾರಿಗಳಿಗೆ ಘಟ್ಟದ ಮೇಲೆ ಹಬ್ಬ. ತಂಬುಳಿ, ಅಪ್ಪೆಹುಳಿ, ಹಲಸಿನ ಕಡುಬು, ಶಿರಸಿಯ ತೆಳ್ಳನೆ ಗರಿಗರಿ ಸಿಹಿತಿಂಡಿ ತೊಡೆದೇವು. ಅಪ್ಪೆಮಿಡಿ ಎಂಬ ಪರಿಮಳದ ಮಾವಿನಮಿಡಿಯ ಅಪ್ಪೆಹುಳಿ ಕುಡಿದ ಮೇಲೆ ಮಧ್ಯಾಹ್ನ ಎಚ್ಚರವಾಗಿರುವುದು ಕಷ್ಟ. ಡ್ರೈವಿಂಗ್ ಇದ್ದರೆ ಸ್ವಲ್ಪ ಮಲಗಿ ಎದ್ದೇ ಹೊರಡಿ.

ಯಕ್ಷಗಾನ ನೋಡಬೇಕು. ಟಿಕೆಟ್ ಎಲ್ಲಿ ಸಿಗುತ್ತದೆ?

ಹೆಚ್ಚಿನ ಆಟಗಳಿಗೆ ಟಿಕೆಟ್ಟೇ ಇಲ್ಲ. ಯಾರದೋ ಹರಕೆ, ಊರಿನ ಜಾತ್ರೆ, ಸಂಘದ ವಾರ್ಷಿಕೋತ್ಸವ ಎಂದು ಬಯಲಿನಲ್ಲೇ ಆಗುತ್ತದೆ, ಯಾರು ಬೇಕಾದರೂ ಕೂರಬಹುದು. ದೀಪಾವಳಿಯ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ಕಾಲ. ಬಸ್ ನಿಲ್ದಾಣದ ಗೋಡೆ, ಚಹಾದಂಗಡಿಯ ಕಂಬ ನೋಡಿ, ಪೋಸ್ಟರ್ ಅಂಟಿಸಿರುತ್ತಾರೆ. ಇಲ್ಲಿಯದು ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿದೆ. ಮಗ ಶಂಭು ಹೆಗಡೆ, ಮುಂದೆ ಮೊಮ್ಮಗನ ಕಾಲಕ್ಕೂ ಅದು ನಡೆದುಬಂದಿದೆ. ಈಗ ಕಾಲಮಿತಿಯ ಆಟಗಳೇ ಹೆಚ್ಚು. ರಾತ್ರಿಯಿಡೀ ಆಗುವ ಆಟ ಸಿಕ್ಕರೆ ಒಂದು ಶಾಲು, ಒಂದು ಚಾಪೆ ಹಿಡಿದು ಹೋಗಿ. ಕಥೆ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ, ಸಂತೋಷದಿಂದ ಹೇಳುತ್ತಾರೆ.

ಘಟ್ಟದ ಮೇಲೆ ಒಂದು ದಿನ ಇದ್ದರೆ?

ಶಿರಸಿಯಲ್ಲಿ ಉಳಿದುಕೊಳ್ಳಿ. ಒಂದು ಕಡೆ ಸುಮಾರು 23 ಕಿ.ಮೀ. ದೂರಕ್ಕೆ ಬನವಾಸಿ, ವರದಾ ನದಿಯ ದಂಡೆ, ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನ. ಕನ್ನಡಿಗರಾಗಿ ಒಮ್ಮೆಯಾದರೂ ಕಾಲಿಡಬೇಕಾದ ನೆಲ. ಇನ್ನೊಂದು ಕಡೆ ಸೋಂದಾ: ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಅಕ್ಕಪಕ್ಕದಲ್ಲಿವೆ. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗ ಕೆತ್ತಿದ ಸಹಸ್ರಲಿಂಗ ಬೇಸಗೆಯಲ್ಲಿ ನೀರು ಇಳಿದಾಗಲೇ ಸರಿಯಾಗಿ ಕಾಣುವುದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. ಆಗ ಊರಲ್ಲಿ ಕೋಣೆ ಸಿಗದು.

ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳು, 120 ಮೀಟರಿನ ಭೈರವೇಶ್ವರ ಮತ್ತು 90 ಮೀಟರಿನ ಮೋಹಿನಿ, ಶಿರಸಿ, ಕುಮಟಾ ಎರಡೂ ಕಡೆಯಿಂದ ಹತ್ತಿರ. ಜೋಗ ಶಿವಮೊಗ್ಗ ಜಿಲ್ಲೆಯದು, ಆದರೆ ಸಿದ್ದಾಪುರದಿಂದ ಹತ್ತಿರ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ 1966ರದು. ಅಲ್ಲಿ ಉಳಿಯಲು ವಿದೇಶಿ ಪಾಸ್‌ಪೋರ್ಟಿನವರು ಮೊದಲೇ ಸರ್ಕಾರದ ಅನುಮತಿ ಪತ್ರ ಮಾಡಿಸಿಕೊಂಡಿರಬೇಕು. ಅಮೆರಿಕದಿಂದ ಮೊಮ್ಮಕ್ಕಳನ್ನು ಕರೆತರುವವರು ಇದನ್ನು ಮರೆಯಬಾರದು.

ರೈಲೋ, ಬಸ್ಸೋ, ಕಾರೋ?

ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಕರಾವಳಿ ತಲುಪಿಸುವ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದವರೆಗೆ ಬರುತ್ತದೆ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿ ತೆರೆದ ಮೇಲೆಯೇ ನಮ್ಮ ಕರಾವಳಿ ಹೊರಗಿನವರಿಗೆ ಹತ್ತಿರವಾದದ್ದು. ಹಗಲು ರೈಲಿನಲ್ಲಿ ಭಟ್ಕಳದಿಂದ ಕಾರವಾರದವರೆಗೆ ಕಿಟಕಿ ಪಕ್ಕ ಕುಳಿತರೆ ಶರಾವತಿ, ಅಘನಾಶಿನಿ, ಗಂಗಾವಳಿ ಮೂರೂ ಹೊಳೆಗಳನ್ನು ದಾಟುತ್ತೀರಿ, ಕಾಳಿ ಸಿಗುವುದು ಕಾರವಾರ ನಿಲ್ದಾಣ ಬಿಟ್ಟು ಗೋವಾ ಕಡೆ ಹೊರಟ ಮೇಲೆ. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗಿಂತ ಉದ್ದ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರ, ರಿಕ್ಷಾ ಬೇಕು.

ಹುಬ್ಬಳ್ಳಿ ಕಡೆಯವರಿಗೆ ಬಸ್ಸೇ ಸಲೀಸು. ತಾಲೂಕಿನೊಳಗೆ ಓಡಾಡಲೂ ಸರ್ಕಾರಿ ಬಸ್ಸುಗಳಿವೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಕಾರಿನಲ್ಲಿ ಬರುವವರು ಕತ್ತಲಾದ ಮೇಲೆ ಘಟ್ಟ ಇಳಿಯಬೇಡಿ.

ಅಪ್ಪ, ಅಮ್ಮನಿಗೆ ವಯಸ್ಸಾಗಿದೆ, ಮೊಣಕಾಲು ನೋವು. ಕರೆದುಕೊಂಡು ಬರಬಹುದಾ?

ಧಾರಾಳವಾಗಿ. ಇಡಗುಂಜಿ, ಮುರುಡೇಶ್ವರ, ಗೋಕರ್ಣ, ಬನವಾಸಿ ಎಲ್ಲ ಕಡೆ ವಾಹನ ಹತ್ತಿರದವರೆಗೆ ಹೋಗುತ್ತದೆ. ಇಡಗುಂಜಿಯ ಗಣಪತಿ ನಿಂತ ಭಂಗಿಯಲ್ಲಿದ್ದಾನೆ, ಎರಡೇ ಕೈ. ಹಿರಿಯರು ಬಹಳ ಇಷ್ಟಪಡುತ್ತಾರೆ. ಯಾಣ, ಉಂಚಳ್ಳಿಗಳಲ್ಲಿ ನಡಿಗೆ, ಮೆಟ್ಟಿಲು ಇವೆ, ಅವರಿಗೆ ಬೇಡ. ಹೃದಯದ ತೊಂದರೆ ಇರುವವರಾದರೆ ಔಷಧಿ, ಹಳೆಯ ರಿಪೋರ್ಟು ಜೊತೆಗಿರಲಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಆದರೆ ದೊಡ್ಡ ತುರ್ತಿಗೆ ಜನ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಇಲ್ಲಿ ವರ್ಷಗಳಿಂದ ಇದೆ.

ಗೋವಾದಿಂದ ಬರುವಾಗ ಎರಡು ಬಾಟಲಿ ತರಬಹುದಾ?

ಬೇಡ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ತಪಾಸಣೆ ಮಾಡುತ್ತಾರೆ, ಕೇಸು ಬೀಳುತ್ತದೆ.

ಮನೆಗೆ ಏನು ಒಯ್ಯಬಹುದು?

ಕಾಲ ನೋಡಿ. ಮಾರ್ಚ್ ಕೊನೆಯಿಂದ ಮೇವರೆಗೆ ಕುಮಟಾದ ಹತ್ತಿರ ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿಯ ಇಕ್ಕೆಲದಲ್ಲಿ ಕೆಂಪು ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿರುತ್ತಾರೆ. ಸಿಹಿ ಈರುಳ್ಳಿ, ಹಸಿಯಾಗಿಯೇ ತಿನ್ನಬಹುದು. ಒಣ ಎಲೆಯ ಸಮೇತ ಹೆಣೆದ ಗೊಂಚಲನ್ನೇ ಕೊಳ್ಳಿ, ಬಿಡಿ ಈರುಳ್ಳಿ ಬೇಡ. ಗಾಳಿಯಾಡುವ ಕಡೆ ಹಾಗೇ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಮೇ ತಿಂಗಳಲ್ಲಿ ಅಂಕೋಲಾದ ಕರಿಈಶಾಡ ಮಾವು, 2023ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳು, ಬೇಗ ಹಾಳಾಗುತ್ತದೆ, ಹಾಗಾಗಿ ಹೊರಡುವ ದಿನವೇ ಕೊಳ್ಳಿ, ಸ್ವಲ್ಪ ಗಟ್ಟಿ ಇರುವುದನ್ನೇ ಆರಿಸಿ. ಉಳಿದ ಕಾಲದಲ್ಲಿ ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಶಿರಸಿಯ ಸೊಸೈಟಿಗಳಲ್ಲಿ ಕಾಳುಮೆಣಸು, ಜೇನು ಸಿಗುತ್ತವೆ. ತೊಡೆದೇವನ್ನು ಬ್ಯಾಗಿನ ತಳದಲ್ಲಿ ಇಡಬೇಡಿ, ಪುಡಿಯಾಗುತ್ತದೆ. ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು.